ಮಾರ್ತಾಂಡರಾಯರ ಪ್ಯಾದಿಮಾತ

ಶಿರಹಟ್ಟಿಯ ಕಚೇರಿಯಲ್ಲಿ ಕಾರಕೂನರಾಗಿದ್ದ ಮಾರ್ತಾಂಡರಾಯರನ್ನು ಕೆಟ್ಟವರೆಂದು ಊರಲ್ಲಿ ಯಾರೂ ಅಂದದ್ದಿಲ್ಲ. ಲಂಚ ಮುಟ್ಟಿದವರಲ್ಲ, ಹೆಂಡತಿಯ ಮೇಲೆ ದನಿ ಏರಿಸಿದವರಲ್ಲ. ಹಾಗೆಂದು ಪೆದ್ದರೂ ಅಲ್ಲ. ಮೇಲಿನ ಸಾಹೇಬರ ಮುಂದೆ ನಗುನಗುತ್ತ ನಾಲ್ಕು ಸುಳ್ಳು ಹೇಳಿ ಪಾರಾಗುವಷ್ಟು ಲೋಕಜ್ಞಾನ ಅವರಿಗಿತ್ತು. ಇದ್ದದ್ದು ಒಂದೇ ಚಟ, ಬುದ್ಧಿಬಳ. ಪುಸ್ತಕ ಬರೆಯುವವರು ಅದನ್ನು ಚದುರಂಗ ಎನ್ನುತ್ತಾರೆ. ಶಿರಹಟ್ಟಿ ಆಗ ಸಾಂಗಲಿ ಸಂಸ್ಥಾನದ ತಾಲೂಕು. ಸಾಂಗಲಿಯಿಂದ ವರ್ಗವಾಗಿ ಬರುವ ಅಧಿಕಾರಿಗಳು ಮರಾಠಿ ಮಾತಿನ ಜೊತೆಗೆ ಈ ಆಟದ ಹುಚ್ಚನ್ನೂ ತಂದು ಬಿಟ್ಟುಹೋಗುತ್ತಿದ್ದರು. ಮಾತು ಕಚೇರಿಯಲ್ಲಿ ಉಳಿಯಿತು, ಹುಚ್ಚು ಮಾರ್ತಾಂಡರಾಯರಲ್ಲಿ ಉಳಿಯಿತು.

ಆ ಹುಚ್ಚು ಮೊದಲು ಕೈಗೆ ಹತ್ತಿತು, ಆಮೇಲೆ ತಲೆಗೆ ಏರಿತು. ಓಣಿಯಲ್ಲಿ ಎದುರಿಗೆ ಎಮ್ಮೆ ಬಂದರೆ, ಅದು ಎಡಕ್ಕೆ ಹೊರಳಿದರೆ ತಾವೆಲ್ಲಿ ನಿಲ್ಲಬೇಕು, ಬಲಕ್ಕೆ ಹೊರಳಿದರೆ ಎಲ್ಲಿ ನಿಲ್ಲಬೇಕು ಎಂದು ರಾಯರು ವಿಚಾರ ಮಾಡುತ್ತ ನಿಲ್ಲುತ್ತಿದ್ದರು; ಎಮ್ಮೆ ಯಾವ ವಿಚಾರವನ್ನೂ ಮಾಡದೆ ಅವರನ್ನು ಗಟಾರಕ್ಕೆ ಸರಿಸಿ ತನ್ನ ದಾರಿ ಹಿಡಿಯುತ್ತಿತ್ತು. ಮದುವೆ ಮುಂಜಿವೆಗಳಲ್ಲಿ ಊಟಕ್ಕೆ ಕೂತರೆ ಬಾಳೆಯೆಲೆಗಳ ಸಾಲುಗಳು ಅವರಿಗೆ ಪಟದ ಮನೆಗಳಾಗಿ ಕಾಣುತ್ತಿದ್ದವು. ತುಪ್ಪ ಬಡಿಸುವವನು ಒಂದು ಸಾಲು ಬಿಟ್ಟು ಅಡ್ಡಕ್ಕೆ ಜಿಗಿದು ಬಂದರೆ, ‘ಭಲೇ ಕುದುರೆ’ ಎಂದು ಒಳಗೊಳಗೇ ಹಿಗ್ಗು. ಮಾಮಲೇದಾರ ಸಾಹೇಬರು ಸಿಡಿಮಿಡಿಗೊಂಡು ಬೈಯುವಾಗ ಉಳಿದ ಕಾರಕೂನರು ಬೆವರುತ್ತಿದ್ದರು. ಇವರು ಸಾಹೇಬರ ಮುಂದಿನ ಮಾತು ಯಾವುದು, ಅದರಾಚೆಯ ಮಾತು ಯಾವುದು ಎಂದು ಮೊದಲೇ ನೋಡಿಟ್ಟುಕೊಂಡು ತಣ್ಣಗೆ ಉತ್ತರ ಕೊಡುತ್ತಿದ್ದರು. ಲಾಭವಿಲ್ಲದ ಚಟವೇನೂ ಅಲ್ಲ ಅದು. ರಾಯರಿಗೆ ಸಿಟ್ಟಿಲ್ಲ, ಅವಸರವಿಲ್ಲ, ಬಲು ಶಾಂತ ಸ್ವಭಾವ ಎಂದು ಊರೆಲ್ಲ ಹೆಸರು. ಆ ಶಾಂತಿ ಸ್ವಭಾವದಿಂದ ಬಂದದ್ದಲ್ಲ, ಮನುಷ್ಯ ಮನೆಯಲ್ಲೇ ಇಲ್ಲದ್ದರಿಂದ ಬಂದದ್ದು ಎಂಬುದು ಹೆಂಡತಿ ಜಾನಕೀಬಾಯಿಗೆ ಮಾತ್ರ ಗೊತ್ತಿತ್ತು.

ಒಮ್ಮೆ ಕಚೇರಿಯ ಮುದುಕ ಜವಾನ ತೀರಿಕೊಂಡ ಸುದ್ದಿ ಬಂದಾಗ ಪಟದ ಮೇಲೆ ಕಾಲಾಳು ಸತ್ತಾಗ ಅನ್ನುವ “ಪ್ಯಾದಿ ಹೋತು” ಎಂಬ ಮಾತು ರಾಯರ ಬಾಯಿಂದ ಜಾರಿಬಿತ್ತು. ಸುದ್ದಿ ಹೇಳಲು ಬಂದ ಅವನ ಹೆಂಡತಿ ಹನಮವ್ವ ಬಾಗಿಲಲ್ಲೇ ನಿಂತಿದ್ದಳು. ಅವಳು ಅಳುವುದನ್ನು ನಿಲ್ಲಿಸಿ ಅವರ ಮುಖವನ್ನೇ ನೋಡಿದಳು. ಆ ದಿನ ರಾಯರಿಗೆ ನಾಚಿಕೆಯಿಂದ ಊಟ ಸೇರಲಿಲ್ಲ. ಸಂಜೆ ಪಟ ಹಾಸಿದ ಮೇಲೆ ಅದೂ ಮರೆತುಹೋಯಿತು.

ಜಾನಕೀಬಾಯಿ ಜಾಣೆ. ಗಂಡ ಪಟದ ಮುಂದೆ ಕೂತಾಗ ಏನು ಕೇಳಿದರೂ ‘ಹೂಂ’ ಎನ್ನುತ್ತಾರೆ ಎಂಬುದನ್ನು ಮದುವೆಯಾದ ಹೊಸದರಲ್ಲೇ ಕಂಡುಕೊಂಡಿದ್ದಳು. ತವರಿಗೆ ಹೋಗಬೇಕೆ? ಆಟ ಬಿಗಿಯಾಗುವವರೆಗೆ ಕಾದು ಕೇಳುವುದು. ಗದಗಿಗೆ ಸೀರೆ ತರಲು ಹೋಗಬೇಕೆ? ಅದೂ ಹಾಗೆಯೇ. ಮಗಳು ಪದ್ಮಾ ದೊಡ್ಡವಳಾದ ಮೇಲೆ ಅವಳೂ ಈ ಉಪಾಯ ಕಲಿತಳು. ಹೆಣ್ಣುಮಕ್ಕಳು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂಡ್ರುವುದು ಆ ಮನೆತನದಲ್ಲಿ ಇಲ್ಲದ ಮಾತು. ಪಟದ ಮೇಲೆ ಅಪ್ಪನ ಒಂಟೆ ಅಪಾಯದಲ್ಲಿದ್ದಾಗ ಕೇಳಿ, ಹೂಂ ಅನ್ನಿಸಿಕೊಂಡು, ಪರೀಕ್ಷೆಗೆ ಕೂತು ಪಾಸಾಗಿಯೇ ಬಿಟ್ಟಳು. ಈಗ ಧಾರವಾಡಕ್ಕೆ ಹೋಗಿ ಟ್ರೇನಿಂಗ್ ಮುಗಿಸಿ ಮಾಸ್ತರತಿ ಆಗಬೇಕೆಂದು ಅವಳ ಆಸೆ. ಅದಕ್ಕೂ ಒಂದು ಬಿಗಿಯಾದ ಆಟಕ್ಕಾಗಿ ತಾಯಿ ಮಗಳು ಕಾಯುತ್ತಿದ್ದರು. ಅವರು ತೆರೆದಿಟ್ಟುಕೊಂಡ ಆ ಬಾಗಿಲಿನಿಂದ ಬೇರೆಯವರೂ ಒಳಗೆ ಬರಬಹುದೆಂದು ಪಾಪ, ಇಬ್ಬರಿಗೂ ಹೊಳೆದಿರಲಿಲ್ಲ.

ಅಷ್ಟರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು. ಮರುವರ್ಷವೇ ಸಾಂಗಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ಕರಗಿತು. ಪಕ್ಕದ ಲಕ್ಷ್ಮೇಶ್ವರ ಮಿರಜಿನ ಸಂಸ್ಥಾನಿಕರದು, ಅದೂ ಕರಗಿತು. ರಾಜರೆಲ್ಲ ಮನೆಗೆ ಹೋದರು. ರಾಯರ ಪಟದ ಮೇಲಿನ ಕಟ್ಟಿಗೆಯ ರಾಜನಿಗೆ ಮಾತ್ರ ಕೂದಲೂ ಕೊಂಕಲಿಲ್ಲ. ನಿನ್ನೆಯವರೆಗೆ ಬೇರೆ ರಾಜ್ಯವಾಗಿದ್ದ ಲಕ್ಷ್ಮೇಶ್ವರದಿಂದ ಜನ ಈಗ ಕಚೇರಿ ಕೆಲಸಕ್ಕೆಂದು ಶಿರಹಟ್ಟಿಗೆ ಬರತೊಡಗಿದರು. ಹಾಗೆ ಬಂದವರಲ್ಲಿ ವಕೀಲ ಶ್ರೀಪಾದರಾಯರೂ ಒಬ್ಬರು. ಅವರೂ ಬುದ್ಧಿಬಳದ ಹುಲಿ. ದಾದಾಪೀರನ ಹೊಲಿಗೆ ಅಂಗಡಿಯ ಕಟ್ಟೆಯ ಮೇಲೆ ಎರಡು ಹುಲಿಗಳೂ ಕೂತವು. ಅಲ್ಲಿಯವರೆಗೆ ರಾಯರ ಎದುರಾಳಿಯಾಗಿದ್ದವನು ದಾದಾಪೀರನೇ. ಅವನು ಸೋಲುವುದನ್ನು ರೂಢಿ ಮಾಡಿಕೊಂಡಿದ್ದ ಮನುಷ್ಯ. ಈಗ ಸಮಬಲದ ಆಟ ನೋಡಲು ಸಿಕ್ಕಿತೆಂದು ಹೊಲಿಗೆ ಬಿಟ್ಟು ಪಕ್ಕದಲ್ಲಿ ಕೂಡ್ರತೊಡಗಿದ.

ಆ ಭಾಗದ ಹಳೆಯ ಆಟದ ಕಟ್ಟಳೆ ಇಂದಿನವರಿಗೆ ಗೊತ್ತಿರಲಿಕ್ಕಿಲ್ಲ. ಎದುರಾಳಿಯ ಕಾಯಿಗಳನ್ನೆಲ್ಲ ಕೊಂದು ರಾಜನೊಬ್ಬನನ್ನೇ ಉಳಿಸಿದರೆ ಅದು ಗೆಲುವಲ್ಲ, ಬುರ್ಜಿ, ಇಬ್ಬರೂ ಸಮ. ರಾಜನ ಜೊತೆಗೆ ಒಂದಾದರೂ ಕಾಯಿ ಜೀವಂತವಿರುವಾಗ ರಾಜನಿಗೆ ದಾರಿಯಿಲ್ಲದಂತೆ ಮಾಡಿದರೆ ಅದು ಮಾತ, ಅದು ಗೆಲುವು. ಆನೆಯಿಂದಲೋ ವಜೀರನಿಂದಲೋ ಮಾತ ಮಾಡಿದರೆ ಸಾಧಾರಣ ಗೆಲುವು. ಎಲ್ಲರಿಗಿಂತ ಕೆಳಗಿನ ಪ್ಯಾದಿಯಿಂದ ಮಾತ ಮಾಡಿದರೆ ಅದಕ್ಕೆ ಪ್ಯಾದಿಮಾತ ಎಂದು ಹೆಸರು. ಪ್ಯಾದಿಮಾತ ಮಾಡಿದವನನ್ನು ಊರವರು ವರ್ಷಗಟ್ಟಲೆ ನೆನೆಯುತ್ತಿದ್ದರು. ಮಾರ್ತಾಂಡರಾಯರು ಜೀವನದಲ್ಲಿ ಬೇರೆ ಯಾವ ದೊಡ್ಡಸ್ತಿಕೆಯನ್ನೂ ಬಯಸಿದವರಲ್ಲ. ತಮಗೆ ಸರಿಸಮಾನನಾದ ಆಟಗಾರನ ಮೇಲೆ ಒಂದು ಪ್ಯಾದಿಮಾತ ಆಗಬೇಕು, ಅಷ್ಟೆ.

ಒಂದು ಆದಿತ್ಯವಾರ ಬೆಳಿಗ್ಗೆ ರಾಯರು ಸ್ನಾನ ಮುಗಿಸಿ ಪಡಸಾಲೆಯಲ್ಲಿ ಕೂತಿದ್ದಾಗ ಮನೆ ಮುಂದೆ ಚಕ್ಕಡಿ ನಿಂತಿತು. ಇಳಿದವರು ಶ್ರೀಪಾದರಾಯರ ಹೆಂಡತಿ ಸುಂದರಾಬಾಯಿ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಖಣ, ತೆಂಗಿನಕಾಯಿ, ಅರಿಷಿಣ ಕುಂಕುಮ.

“ಬೀಗರು ಬಂದಾರ ಅಂದ್ರ ಒಳಗ ಬರ್ರಿ ಅನ್ನೂದಿಲ್ಲೇನು?” ಎಂದು ಅವರು ನಗುತ್ತ ಹೊಸ್ತಿಲು ದಾಟಿದರು.

ಜಾನಕೀಬಾಯಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. “ಯಾರ ಬೀಗರ್ರಿ? ನೀವು ಮನಿ ತಪ್ಪಿ ಬಂದಿರಬೇಕು.”

“ತಪ್ಪೂದು ಹ್ಯಾಂಗ? ನಿಮ್ಮ ಪದ್ಮಾನ್ನ ನಮ್ಮ ಮೈದುನ ರಾಘವೇಂದ್ರಗ ಕೊಡ್ತೀನಿ ಅಂತ ರಾಯರು ಮೊನ್ನೆ ಮಂಗಳವಾರ ಮಾತು ಕೊಟ್ಟಾರಲ್ಲ. ನಮ್ಮವರ ಕೈಯಿಂದ ಸಕ್ಕರಿ ತಿಂದಾರ. ಅದಕ್ಕ ಹುಡುಗೀ ಉಡಿ ತುಂಬಿ ಹೋಗಬೇಕಂತ ಬಂದೆ.”

ಹುಡುಗನ ಕಡೆಯ ಹಿರಿಯರ ಕೈಯಿಂದ ಹುಡುಗಿಯ ಅಪ್ಪ ನಾಲ್ಕು ಜನರೆದುರು ಸಕ್ಕರೆ ತಿಂದನೆಂದರೆ ಅಲ್ಲಿಗೆ ಮಾತು ಮುಗಿಯಿತು. ಉಳಿದದ್ದೆಲ್ಲ ಮುಹೂರ್ತ ನೋಡುವ ಕೆಲಸ. ಆ ರಾಘವೇಂದ್ರ ಯಾರೆಂಬುದೂ ಮಾರ್ತಾಂಡರಾಯರಿಗೆ ಗೊತ್ತಿತ್ತು. ಮುಂಡರಗಿಯಲ್ಲಿ ಹತ್ತಿ ದಲಾಲಿ ಮಾಡುವವನು. ವಯಸ್ಸು ನಲವತ್ತು ದಾಟಿದೆ. ಇಬ್ಬರು ಹೆಂಡಿರನ್ನು ಸುಡುಗಾಡಿಗೆ ಕಳಿಸಿದವನು. ಪದ್ಮಾಗೆ ಇನ್ನೂ ಹದಿನೇಳು. ಅವಳು ನಡುಬಾಗಿಲಲ್ಲಿ ನಿಂತಿದ್ದಳು. ಅರ್ಧ ಹೆಣೆದ ಜಡೆ ಕೈಯಲ್ಲೇ ಇತ್ತು. ಮುಖ ಸುಣ್ಣದಂತೆ ಬಿಳಿಚಿತ್ತು.

ಜಾನಕೀಬಾಯಿ ಗಂಡನನ್ನು ನೋಡಿದಳು. ರಾಯರು ಕೈ ಆಡಿಸಿದರು, ತಲೆ ಆಡಿಸಿದರು, ಬಾಯಿ ಮಾತ್ರ ಆಡಲಿಲ್ಲ. ಬುದ್ಧಿ ತಪ್ಪದವಳು ಜಾನಕೀಬಾಯಿಯೊಬ್ಬಳೇ. “ಅಮಾಸಿ ಎದುರಿಗೆ ಅದ ಅವ್ವಾರ. ಅಮಾಸಿ ಮುಂದ ಉಡಿ ತುಂಬೂದು ನಮ್ಮ ಮನಿತನದಾಗ ಇಲ್ಲ. ಆಮ್ಯಾಲೆ ನೋಡೋಣು” ಎಂದು ಹೇಳಿ, ಬಂದವರಿಗೆ ಅವಲಕ್ಕಿ ಕೊಟ್ಟು, ತಟ್ಟೆಯನ್ನು ಮುಟ್ಟದೆಯೇ ಚಕ್ಕಡಿ ಹತ್ತಿಸಿ ಕಳಿಸಿದಳು. ಚಕ್ಕಡಿ ಓಣಿ ತಿರುಗುವವರೆಗೆ ಅವಳ ಮುಖದ ಮೇಲಿನ ನಗು ಹಾಗೇ ಇತ್ತು. ಆಮೇಲೆ ಬಾಗಿಲು ಹಾಕಿ ಗಂಡನ ಕಡೆ ತಿರುಗಿದಳು.

“ಏನು ಮಾಡೀರಿ ನೀವು?” ಎಂದಳು. “ಖರೇನ ಸಕ್ಕರಿ ತಿಂದೀರೇನು?”

“ನಾ ಯಾವಾಗ ತಿಂದೆ? ಅವರು ಕೇಳಿದ್ದ ನನಗ ಗೊತ್ತಿಲ್ಲ” ಎಂದ ರಾಯರು ಧೋತರದ ಚುಂಗು ಎತ್ತಿ ಹಿಡಿದು ದಾದಾಪೀರನ ಅಂಗಡಿಗೆ ಓಡಿದರು. ಬರಿಗಾಲಲ್ಲಿ ಓಡಿದ್ದು ಅರ್ಧ ದಾರಿಯಲ್ಲಿ ಗೊತ್ತಾಯಿತು.

ದಾದಾಪೀರ ಅವರನ್ನು ಕಂಡದ್ದೇ ಸೂಜಿ ಚುಚ್ಚಿಟ್ಟು ಎದ್ದು ನಿಂತ. “ಬರ್ರಿ ರಾಯರ, ಕುಂಡ್ರಿ. ಮದಿವಿ ಎಂದ ಇಟ್ಟೀರಿ? ಹುಡುಗೀ ಕುಬಸ ನಾನ ಹೊಲಿಯಾಂವ, ಬ್ಯಾರೇದವ್ರಿಗೆ ಕೊಡಬ್ಯಾಡ್ರಿ ಮತ್ತ.”

“ದಾದಾಪೀರ, ಖರೆ ಹೇಳು. ಮಂಗಳವಾರ ಇಲ್ಲಿ ಏನಾತು?”

ದಾದಾಪೀರ ಬೆರಗಾಗಿ ನೋಡಿದ. “ಇದೇನ್ರಿ ಹಿಂಗ ಕೇಳ್ತೀರಿ? ವಕೀಲರು ‘ನಿಮ್ಮ ಮಗಳನ್ನ ನಮ್ಮ ತಮ್ಮಗ ಕೊಡ್ರಿ’ ಅಂದ್ರು. ನೀವು ಹೂಂ ಅಂದ್ರಿ. ‘ಸುಮ್ನ ಹೂಂ ಅಲ್ಲ, ವಿಚಾರ ಮಾಡಿ ಹೇಳ್ರಿ’ ಅಂದ್ರು. ನೀವು ಬಾಳ ಹೊತ್ತು ವಿಚಾರ ಮಾಡಿ ಮತ್ತ ಹೂಂ ಅಂದ್ರಿ. ಅವರು ಪೊಟ್ಟಣ ಬಿಚ್ಚಿ ಸಕ್ರಿ ಕೊಟ್ರು, ನೀವು ಬಾಯಾಗ ಹಾಕ್ಕೊಂಡ್ರಿ. ನಾನೂ ತಿಂದೆ. ಮಂದಿ ಎಲ್ಲಾ ತಿಂದ್ರು. ಯಾಕ್ರಿ, ತಪ್ಪಾತೇನು?”

ರಾಯರು ಕಟ್ಟೆಯ ಮೇಲೆ ಕೂತುಬಿಟ್ಟರು. ಮಂಗಳವಾರದ ಆಟ ಅವರಿಗೆ ಅಂಗೈ ಗೆರೆಯಷ್ಟು ಸ್ಪಷ್ಟವಾಗಿ ನೆನಪಿತ್ತು. ಯಾವ ಕಾಯಿ ಯಾವಾಗ ಎಲ್ಲಿ ಸರಿಯಿತು ಎಂಬುದನ್ನು ಬೇಕಾದರೆ ಮೊದಲಿಂದ ಕಡೆಯತನಕ ಹೇಳುತ್ತಿದ್ದರು. ವಿಚಾರ ಮಾಡಿ ಹೂಂ ಅಂದದ್ದು ಯಾವಾಗ ಎಂಬುದೂ ಈಗ ಹೊಳೆಯಿತು. ವಜೀರನನ್ನು ಕೊಟ್ಟು ಎರಡು ಕುದುರೆ ಹೊಡೆಯಬಹುದೇ ಎಂದು ಅಷ್ಟು ಹೊತ್ತು ಎಣಿಕೆ ಹಾಕಿ, ಆಗಬಹುದು ಅನ್ನಿಸಿ, ಹೂಂ ಎಂದಿದ್ದರು. ಆಗ ಬಾಯಿ ಸಿಹಿಯಾಗಿದ್ದೂ ನೆನಪಾಯಿತು. ಅಷ್ಟು ಒಳ್ಳೆಯ ನಡೆ ಹೊಳೆದದ್ದಕ್ಕೆ ಬಾಯಿಯೂ ಸಿಹಿಯಾಯಿತೆಂದು ಅಂದುಕೊಂಡಿದ್ದರು. ಮಗಳನ್ನು ಕೊಟ್ಟ ಸಿಹಿ ಅದು ಎಂದು ತಿಳಿದಾಗ ಕಟ್ಟೆಯ ಪಕ್ಕಕ್ಕೆ ಬಾಗಿ ವಾಂತಿ ಮಾಡಿಕೊಂಡರು.

“ನೀರು ಕುಡೀರಿ, ನೀರು ಕುಡೀರಿ” ಎಂದು ದಾದಾಪೀರ ತಂಬಿಗೆ ಹಿಡಿದು ನಿಂತ. ಏನಾಗಿದೆ ಎಂದು ತಿಳಿದ ಮೇಲೆ ಅವನೂ ತಲೆಯ ಮೇಲೆ ಕೈ ಇಟ್ಟುಕೊಂಡ.

ಮನೆಗೆ ಬಂದಾಗ ಪದ್ಮಾ ಅಳುತ್ತಿರಲಿಲ್ಲ. ಅದೇ ರಾಯರಿಗೆ ಹೆಚ್ಚು ಭಯ ಹುಟ್ಟಿಸಿತು. ಅವಳು ಗೋಡೆಗೆ ಒರಗಿ ಕೂತು, “ಅಪ್ಪಾ, ನನ್ನ ಹೆಸರು ತಗೊಂಡು ಕೇಳಿದ್ರೂ ನಿಮಗ ಕೇಳಸಲಿಲ್ಲೇನು?” ಎಂದಳು. ರಾಯರು ಮಗಳ ಕಾಲ ಬಳಿ ನೆಲದ ಮೇಲೆ ಕೂತರು. “ತಪ್ಪಾತವ್ವಾ. ಏನರೆ ಮಾಡಿ ನಾ ಬಿಡಿಸ್ತೀನಿ. ನಿನ್ನ ಧಾರವಾಡಕ್ಕ ಕಳಸ್ತೀನಿ. ಇದು ನನ್ನ ಮಾತು” ಎಂದರು. ಕಣ್ಣಲ್ಲಿ ನೀರಿತ್ತು, ಅದು ನಿಜವಾದ ನೀರೇ. ಆ ಹೊತ್ತಿನಲ್ಲಿ ಮಗಳಿಗಾಗಿ ಪ್ರಾಣ ಕೊಡು ಎಂದರೂ ಕೊಡುತ್ತಿದ್ದರು.

ಜಾನಕೀಬಾಯಿ ದಾರಿ ಹೇಳಿಕೊಟ್ಟಳು. “ಶ್ರೀಪಾದರಾಯರನ್ನ ಮನಿಗೆ ಕರೀರಿ. ಕೈ ಮುಗೀರಿ, ಬೇಕಾದ್ರ ಕಾಲು ಹಿಡೀರಿ. ವಕೀಲರಿದ್ರೂ ಮನುಷ್ಯರು ಅವರು, ಅವರಿಗೂ ಹೆಣ್ಣುಮಕ್ಕಳಿದ್ದಾರ. ವಾದ ಹಚ್ಚಬ್ಯಾಡ್ರಿ, ಹುಷಾರಿಕೆ ತೋರಿಸಬ್ಯಾಡ್ರಿ. ಹುಚ್ಚ ಅನ್ನಿಸಿಕೊಂಡ್ರೂ ನಡೀತದ, ಸುಮ್ನ ತಪ್ಪೊಪ್ಪಿಕೊಳ್ಳ್ರಿ.”

ಹೇಳಿ ಕಳಿಸಿದ ಮೇಲೆ ಶ್ರೀಪಾದರಾಯರು ಮುಂದಿನ ಆದಿತ್ಯವಾರ ಮಧ್ಯಾಹ್ನ ಬಂದರು. ದಾದಾಪೀರನೂ ಬಂದ, ಸಾಕ್ಷಿಯವನು ಎಂದು. ಮಾರ್ತಾಂಡರಾಯರು ಹೆಂಡತಿ ಹೇಳಿದಂತೆಯೇ ಕೈ ಮುಗಿದರು.

“ನಾ ಆಟದ ಮಂಪರಿನ್ಯಾಗಿದ್ದೆ ಶ್ರೀಪಾದರಾಯರ. ನೀವು ಕೇಳಿದ್ದು ನನ್ನ ಕಿವಿಗೇ ಬೀಳಲಿಲ್ಲ.”

“ಮಾತು ಕಿವಿಗೆ ಬೀಳಲಿಲ್ಲ, ಸಕ್ಕರಿ ಬಾಯಿಗೆ ಬಿತ್ತಲ್ಲ?” ಎಂದರು ವಕೀಲರು. “ಮುಂಡರಗಿಗೆ ಖಬರ ಕಳಿಸಿಬಿಟ್ಟೀನಿ. ಈಗ ಹೆಣ್ಣು ಇಲ್ಲ ಅಂದ್ರ ನನ್ನ ತಮ್ಮನ ಮುಂದ ನಾ ಹ್ಯಾಂಗ ಮುಖ ಎತ್ತಲಿ?”

“ಹುಡುಗಿ ಸಣ್ಣಾಕಿ ಇದ್ದಾಳ. ಓದಬೇಕಂತಾಳ. ನಿಮ್ಮ ಮನಿಯಾಗೂ ಹೆಣ್ಣುಮಕ್ಕಳಿದ್ದಾರ...”

ಶ್ರೀಪಾದರಾಯರು ಅಡಿಗೆಮನೆಯ ಬಾಗಿಲಲ್ಲಿ ನಿಂತ ಪದ್ಮಾಳ ಕಡೆ ಒಮ್ಮೆ ನೋಡಿದರು. ಅವರೇನು ರಾಕ್ಷಸರಲ್ಲ, ಮನಸ್ಸು ಅರ್ಧ ಕರಗಿತ್ತು, ಸೋತೆನೆಂದು ಅನ್ನಿಸಿಕೊಳ್ಳದೆ ಬಿಟ್ಟುಕೊಡಲು ಒಂದು ನೆವ ಬೇಕಾಗಿತ್ತು. ಗೂಟಕ್ಕೆ ತೂಗುಹಾಕಿದ್ದ ಪಟದ ಮೇಲೆ ಅವರ ಕಣ್ಣು ಹೋಯಿತು.

“ಆಟದಾಗ ಕೊಟ್ಟ ಮಾತು ಆಟದಾಗ ಬಿಡಿಸಿಕೊಳ್ಳ್ರಿ ಹಂಗಾರ” ಎಂದು ಅರ್ಧ ತಮಾಷೆಯಲ್ಲಿ ಹೇಳಿದರು. “ನೀವು ಗೆದ್ರ ಸಕ್ಕರಿ ವಾಪಸ್. ಸೋತ್ರ, ಇಲ್ಲಾ ಬುರ್ಜಿ ಆದ್ರ, ಫಾಲ್ಗುಣದಾಗ ಮದಿವಿ. ಬೇಕೇನು?”

“ಹೂಂ” ಎಂದರು ಮಾರ್ತಾಂಡರಾಯರು.

ಈ ಸಲದ ಹೂಂ ಮಂಪರಿನದಲ್ಲ, ಪೂರ್ತಿ ಎಚ್ಚರದ್ದು. ಇನ್ನೂ ನಾಲ್ಕು ಮಾತು ಬೇಡಿಕೊಂಡಿದ್ದರೆ ಆ ಮನುಷ್ಯ ಬಿಟ್ಟೇಬಿಡುತ್ತಿದ್ದನೇನೋ. ಆದರೆ ಬೇಡಿಕೊಳ್ಳುವುದು ರಾಯರಿಗೆ ಬರದ ವಿದ್ಯೆ. ಇದು ಬರುವ ವಿದ್ಯೆ.

ಒಳಗಿನಿಂದ ಜಾನಕೀಬಾಯಿ ಪರಪುರುಷರಿದ್ದಾರೆಂಬುದನ್ನೂ ಮರೆತು ಪಡಸಾಲೆಗೆ ಬಂದಳು. “ಏನ್ರಿ ಇದು! ಮಗಳನ್ನ ಪಣಕ್ಕ ಇಡ್ತೀರೇನು? ದ್ರೌಪದೀನ್ನ ಇಟ್ಟವರ ಗತಿ ಏನಾತು ಅನ್ನೂದು ನಿಮಗ ಗೊತ್ತಿಲ್ಲೇನು?”

“ಅದು ಪಗಡಿ” ಎಂದರು ರಾಯರು, ಪಟವನ್ನು ಗೂಟದಿಂದ ಇಳಿಸುತ್ತ. “ಪಗಡಿ ಅಂದ್ರ ದಾಳ, ಅದರಾಗ ದೈವದ ಕೈ ಇರ್ತದ. ಇದು ಬುದ್ಧಿಬಳ. ಇದರಾಗ ಎಲ್ಲಾ ನನ್ನ ಕೈಯಾಗ ಅದ. ನೀ ಅಂಜಬ್ಯಾಡ.”

ಗಂಡ ತನಗೆ ಧೈರ್ಯ ಹೇಳುತ್ತಿದ್ದಾನೆ! ಜಾನಕೀಬಾಯಿಗೆ ಅಳಬೇಕೋ ಕಿರಿಚಬೇಕೋ ತಿಳಿಯಲಿಲ್ಲ.

ಆಟ ಶುರುವಾಯಿತು. ಮೊದಮೊದಲು ರಾಯರು ಪ್ರತಿ ಕಾಯಿ ಸರಿಸುವಾಗ ಮಗಳು ನಿಂತ ಕಡೆ ನೋಡುತ್ತಿದ್ದರು. ಅವಳು ಬಾಗಿಲು ಬಿಟ್ಟು ಮುಂದೆ ಬಂದು, ಪಡಸಾಲೆಯ ಕಂಬ ಹಿಡಿದು ನಿಂತಿದ್ದಳು. ಕಣ್ಣು ಪಟದ ಮೇಲಿತ್ತು. ಶ್ರೀಪಾದರಾಯರೂ ತಮಾಷೆ ಬಿಟ್ಟು ಬಿಗಿಯಾಗಿ ಆಡತೊಡಗಿದರು. ಪಟದ ಮುಂದೆ ಕೂತ ಮೇಲೆ ಆ ಹುಚ್ಚಿನವರಿಗೆ ದಯೆ ದಾಕ್ಷಿಣ್ಯ ನೆನಪಿರುವುದಿಲ್ಲ. ಒಂಟೆಗಳು ಹೋದವು, ಕುದುರೆಗಳು ಹೋದವು, ವಜೀರರು ಒಬ್ಬರನ್ನೊಬ್ಬರು ತಿಂದರು. ಬಿಸಿಲು ಪಡಸಾಲೆಯಿಂದ ಅಂಗಳಕ್ಕೆ ಇಳಿಯಿತು. ಚಹಾ ಬಂತು, ಆರಿತು. ರಾಯರು ಮಗಳ ಕಡೆ ನೋಡುವುದು ಯಾವಾಗ ನಿಂತಿತೋ ಅವರಿಗೇ ತಿಳಿಯಲಿಲ್ಲ.

ಕೊನೆಗೆ ಶ್ರೀಪಾದರಾಯರಿಗೆ ಉಳಿದದ್ದು ಮೂಲೆ ಸೇರಿದ ರಾಜ, ಒಂದು ಕುದುರೆ. ಮಾರ್ತಾಂಡರಾಯರಿಗೆ ಒಂದು ಆನೆ, ಎರಡು ಪ್ಯಾದಿ, ರಾಜ. ನಡೆ ಮಾರ್ತಾಂಡರಾಯರದು. ಆನೆಯನ್ನು ನೇರವಾಗಿ ಕೊನೆಯ ಸಾಲಿಗೆ ಸರಿಸಿದರೆ ಮಾತ. ಕಲಿಯುವ ಹುಡುಗರಿಗೂ ಕಾಣುವಂಥ ಮಾತ. ರಾಯರಿಗೆ ಅದು ಕಂಡಿತು. ಕೈ ಆನೆಯ ಕಡೆ ಹೋಯಿತು.

ಹೋದ ಕೈ ಗಾಳಿಯಲ್ಲೇ ನಿಂತಿತು. ಕಣ್ಣಿಗೆ ಪ್ಯಾದಿ ಬಿದ್ದಿತ್ತು.

ಪ್ಯಾದಿಯನ್ನು ಒಂದು ಮನೆ ಮುಂದೆ ನೂಕುವುದು. ತಮ್ಮ ರಾಜನನ್ನು ಅದರ ಪಕ್ಕಕ್ಕೆ ತರುವುದು. ಆಮೇಲೆ ಪ್ಯಾದಿಯನ್ನು ಇನ್ನೊಂದು ಮನೆ ನೂಕಿದರೆ ಮೂಲೆಯ ರಾಜನಿಗೆ ಮಾತ, ಅದೂ ಪ್ಯಾದಿಯಿಂದ. ಜೀವಮಾನವೆಲ್ಲ ಕಾದ ಮಾತ! ಇದರ ನಡುವೆ ಎದುರಾಳಿಗೆ ಎರಡು ನಡೆ ಸಿಗುತ್ತವೆ. ಎರಡನೆಯದರಲ್ಲಿ ಅವನ ಕುದುರೆ ಪಟದ ನಡುಮನೆಗೆ ಹಾರಿದರೆ ಒಂದೇ ಏಟಿಗೆ ರಾಯರ ರಾಜ ಸರಿಯಲೇಬೇಕಾದ ಶಹ, ಆನೆಯ ಮೇಲೂ ಕಣ್ಣು. ಆನೆ ಹೋಗುತ್ತದೆ. ಆಮೇಲೆ ಗೆಲ್ಲುವ ಮಾತಿಲ್ಲ. ಅದೂ ರಾಯರಿಗೆ ಕಂಡಿತು. ಆದರೆ ಶ್ರೀಪಾದರಾಯರು ಇಕ್ಕಟ್ಟಿನಲ್ಲಿ ರಾಜನನ್ನು ಕಾಯುತ್ತಾರೆಯೇ ಹೊರತು ಕುದುರೆಯನ್ನು ಹೊರಗೆ ಹಾರಿಸುವವರಲ್ಲ. ಅವರ ಕಣ್ಣಿಗೆ ಬೀಳಲಿಕ್ಕಿಲ್ಲ ಎಂದುಕೊಂಡರು. ಬೀಳಲಿಕ್ಕಿಲ್ಲವಂತೆ! ಹೆತ್ತ ಮಗಳು ಕಂಬ ಹಿಡಿದು ನಿಂತಿರುವಾಗ, ಅಂಗೈಯಲ್ಲಿ ಗೆಲುವು ಇರುವಾಗ, ಈ ಮನುಷ್ಯ ಎದುರಾಳಿಯ ಕಣ್ಣನ್ನು ನಂಬಿ ಪ್ಯಾದಿಯನ್ನು ನೂಕಿದ.

ಶ್ರೀಪಾದರಾಯರು ಕುದುರೆಯನ್ನು ರಾಜನ ಹತ್ತಿರಕ್ಕೆ ಎಳೆದುಕೊಂಡರು. ಮಾರ್ತಾಂಡರಾಯರು ರಾಜನನ್ನು ಪಕ್ಕಕ್ಕೆ ತಂದರು. ಈಗ ಆ ಎರಡನೆಯ ನಡೆ. ಶ್ರೀಪಾದರಾಯರು ಬಹಳ ಹೊತ್ತು ನೋಡಿದರು. ಕುದುರೆಯನ್ನು ಎತ್ತಿದರು. ನಡುಮನೆಯ ಮೇಲೆ ತಂದು ಹಿಡಿದರು. ಕಂಬದ ಹತ್ತಿರ ಪದ್ಮಾ “ಅವ್ವಾ” ಎಂದದ್ದು ದಾದಾಪೀರನಿಗೆ ಕೇಳಿಸಿತು, ಜಾನಕೀಬಾಯಿಗೆ ಕೇಳಿಸಿತು. ಶ್ರೀಪಾದರಾಯರು ತಲೆಯಾಡಿಸಿ ಕುದುರೆಯನ್ನು ಹಿಂದಕ್ಕೆ ತೆಗೆದು ಬೇರೆ ಮನೆಯಲ್ಲಿಟ್ಟರು.

ಮಾರ್ತಾಂಡರಾಯರು ಪ್ಯಾದಿಯನ್ನು ನೂಕಿದರು.

“ಮಾತ” ಎಂದರು.

“ಪ್ಯಾದಿಮಾತ! ಯಾ ಅಲ್ಲಾ, ಪ್ಯಾದಿಮಾತ ಆತ್ರೀ!” ಎಂದು ದಾದಾಪೀರ ಜಿಗಿದೆದ್ದವನು ಓಣಿಗೆ ಹೇಳಲು ಹೊರಗೇ ಓಡಿದ. ಶ್ರೀಪಾದರಾಯರು ಪಟವನ್ನು ಈ ಕಡೆಯಿಂದ ಆ ಕಡೆಯಿಂದ ನೋಡಿ ಎರಡೂ ಕೈ ಎತ್ತಿ ಮುಗಿದರು. “ಇಂಥಾ ಮಾತ ನನ್ನ ಜನ್ಮದಾಗ ತಿಂದಿಲ್ಲ. ಶಿರಹಟ್ಟಿಗೆ ಬಂದು ಸಾರ್ಥಕ ಆತು” ಎಂದರು. ಮಾತಿನ ಮನುಷ್ಯ, ಜಾನಕೀಬಾಯಿಯಿಂದ ಚಿಟಿಕೆ ಸಕ್ಕರೆ ಕೇಳಿ ಇಸಿದುಕೊಂಡು, ಎಲ್ಲರೆದುರು ಬಾಯಿಗೆ ಹಾಕಿಕೊಂಡು, “ತಂಗೀ, ನಿನ್ನ ಅಪ್ಪ ಕೊಟ್ಟ ಮಾತು ವಾಪಸ್ ಆತು. ಚೆಂದಾಗಿ ಓದು” ಎಂದು ಪದ್ಮಾಗೆ ಹೇಳಿ ಹೋದರು. ಜಾನಕೀಬಾಯಿ ದೇವರ ಮುಂದೆ ದೀಪ ಹಚ್ಚಲು ಒಳಗೆ ಓಡಿದಳು.

ರಾಯರು ಪಟದ ಮುಂದಿನಿಂದ ಏಳಲಿಲ್ಲ. ಆ ಪ್ಯಾದಿಯನ್ನು ನೋಡುತ್ತ ಕೂತಿದ್ದರು. ಮುಖದಲ್ಲಿ ಕಳೆ ಇತ್ತು.

ಪದ್ಮಾ ಬಂದು ಎದುರಿಗೆ ಕೂತಳು, ಶ್ರೀಪಾದರಾಯರು ಕೂತಿದ್ದ ಜಾಗದಲ್ಲಿ.

“ಗೆದ್ದೆ ನೋಡವ್ವಾ” ಎಂದರು ರಾಯರು. “ಧಾರವಾಡಕ್ಕ ಹೋಗಾಕಿ ನೀ.”

“ಗೆದ್ರಿ” ಎಂದಳು ಪದ್ಮಾ. “ಅಪ್ಪಾ, ಒಂದು ಮಾತು ಕೇಳ್ತೀನಿ. ಪ್ಯಾದಿ ನೂಕೂಕಿಂತ ಮೊದಲ ಆನಿ ಇತ್ತಲ್ಲ? ಕೊನೀ ಸಾಲಿಗೆ ಸರಿಸಿದ್ರ ಅಲ್ಲೇ ಮುಗೀತಿತ್ತು.”

ರಾಯರು ಬೆಚ್ಚಿಬಿದ್ದರು. “ನಿನಗ ಈ ಆಟ ಯಾರು ಕಲಿಸಿದ್ರು?”

“ಯಾರೂ ಕಲಿಸಿಲ್ಲ. ಈ ಮನಿಯಾಗ ಹುಟ್ಟಿ ಬೆಳದೀನಿ. ನಿಮ್ಮ ಹತ್ರ ಕೂಡಬೇಕಂದ್ರ ಪಟದ ಹತ್ರನ ಕೂಡಬೇಕಾಗ್ತಿತ್ತು.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ವಕೀಲರು ಕುದರಿ ಎತ್ತಿ ನಡುಮನಿ ಮ್ಯಾಲೆ ಹಿಡಿದಾಗ ನನ್ನ ಜೀವ ಹೋಗಿ ಬಂತು. ಅಲ್ಲೇ ಇಟ್ಟುಬಿಟ್ಟಿದ್ರ ನಾ ಮುಂಡರಗಿಗೆ ಹೋಗ್ತಿದ್ದೆ. ಅದಕ್ಕ ಕೇಳ್ತೀನಿ. ಆನಿ ನಿಮಗ ಕಾಣಲಿಲ್ಲ ಹೌದಲ್ಲೊ? ಗಾಬರಿಯಾಗಿದ್ರಿ, ಕಾಣಲಿಲ್ಲ. ಕಾಣಲಿಲ್ಲ ಅನ್ರಿ ಅಪ್ಪಾ, ನಾ ನಂಬ್ತೀನಿ.”

ಮಗಳು ದಾರಿ ಬಿಟ್ಟುಕೊಟ್ಟಿದ್ದಳು. ಒಂದು ಮಾತು, ಒಂದು ಸಣ್ಣ ಸುಳ್ಳು. ಮಾಮಲೇದಾರರ ಮುಂದೆ ನಿತ್ಯ ಹೇಳುವಂಥದ್ದು. ಹೇಳಿದ್ದರೆ ಅವಳು ನಂಬುತ್ತಿದ್ದಳು, ಜನ್ಮವಿಡೀ ನಂಬುತ್ತಿದ್ದಳು.

“ಕಾಣದ ಏನು?” ಎಂದರು ಮಾರ್ತಾಂಡರಾಯರು. “ನಾ ಏನು ಕುರುಡೇನು? ಆನಿ ಅಲ್ಲಿ ಬರೂಕಿಂತ ಮೊದಲ ನನಗದು ಕಂಡಿತ್ತು. ಅದನ್ನ ಯಾಂವ ಬೇಕಾದಾಂವ ಮಾಡ್ತಾನ.”

ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ ಅದು ಅವರಿಗೇ ಕೇಳಿಸಿತು.

ಪದ್ಮಾ ಅಪ್ಪನ ಮುಖವನ್ನು ನೋಡಿದಳು, ಗುರುತು ಹತ್ತದವರನ್ನು ನೋಡುವಂತೆ. ಎದ್ದು ಒಳಗೆ ಹೋದಳು. ಒಳಗೆ ಜಾನಕೀಬಾಯಿ “ಏನಾತು? ಏನಂದ್ರು?” ಎಂದು ಕೇಳಿದ್ದು, ಪದ್ಮಾ ಸಣ್ಣ ದನಿಯಲ್ಲಿ ಏನೋ ಹೇಳಿದ್ದು ಕೇಳಿಸಿತು. ಹೊರಗೆ ದಾದಾಪೀರ ಓಣಿಯ ಜನಕ್ಕೆ ಮಾತದ ವರ್ಣನೆ ಮಾಡುತ್ತಿದ್ದ. ನಾಲ್ಕಾರು ಜನ ನೋಡಲು ಬರುತ್ತಿದ್ದರು.

ರಾಯರು ತಾನು ಅಂಥವನಲ್ಲ, ತಾನು ಅಂಥವನಲ್ಲ ಎಂದು ಒಳಗೇ ಹೇಳಿಕೊಳ್ಳುತ್ತ ಆಟವನ್ನು ಮೊದಲಿಂದ ನೆನೆದರು. ಆನೆಯಿಂದ ಕೈ ತೆಗೆದು ಪ್ಯಾದಿಯ ಮೇಲೆ ಇಡುವುದರ ನಡುವೆ ಮಗಳು ಒಂದು ಕ್ಷಣವಾದರೂ ನೆನಪಾಗಿರಲೇಬೇಕು, ಹೆದರಿರಲೇಬೇಕು, ಆಮೇಲೆ ಧೈರ್ಯ ಮಾಡಿರಬೇಕು ಎಂದು ಹುಡುಕಿದರು. ಒಂದು ನಡೆಯೂ ಮರೆತಿರಲಿಲ್ಲ. ಆಟದ ಮೊದಲಲ್ಲಿ ಅವಳು ಇದ್ದಳು. ಕಂಬದ ಹತ್ತಿರ, ಬಿಳಿಚಿದ ಮುಖ. ಒಂಟೆಗಳು ಹೋದಾಗಲೂ ಇದ್ದಳು. ವಜೀರರು ಸತ್ತ ಮೇಲೆ ಕಂಬ ಕಾಣಲಿಲ್ಲ, ಪಡಸಾಲೆ ಕಾಣಲಿಲ್ಲ. ಆನೆಯಿಂದ ಕೈ ತೆಗೆದ ಆ ಹೊತ್ತಿನಲ್ಲಿ ಎಷ್ಟು ಹುಡುಕಿದರೂ ಅವರಿಗೆ ಮಗಳೆಂಬವಳೇ ಇರಲಿಲ್ಲ.